ಮಗಳ ತಲೆ ತುಂಬಾ ಹೇನು: ಸೀಮೆಎಣ್ಣೆ ಬಿಟ್ಟು ಬೇರೆ ಮನೆಮದ್ದು ಹೇಳಿ

ಹೇಮಾವತಿ ದಂಡೆ, ಸಕಲೇಶಪುರ
ಎಲ್ಲರಿಗೂ ನಮಸ್ಕಾರ. ಮಗಳು ನಾಲ್ಕನೇ ತರಗತಿಯಲ್ಲಿದ್ದಾಳೆ, ಸೊಂಟಕ್ಕೆ ಬರುವಷ್ಟು ಕೂದಲು. ಶಾಲೆ ಶುರುವಾದಾಗಿನಿಂದ ತಲೆ ತುಂಬಾ ಹೇನು, ಸೀರು. ಇಲ್ಲಿಯ ಮಳೆ ನಿಮಗೆ ಗೊತ್ತೇ ಇದೆ. ಬೆಳಗ್ಗೆ ತಲೆಗೆ ನೀರು ಹಾಕಿದರೆ ಸಂಜೆಯವರೆಗೂ ಕೂದಲು ಒಣಗುವುದಿಲ್ಲ, ಒದ್ದೆಯಲ್ಲೇ ಜಡೆ ಹೆಣೆದು ಕಳುಹಿಸಬೇಕು. ಅಂಗಡಿಯಿಂದ ತಂದ ಹೇನಿನ ಶಾಂಪೂ ಹಾಕಿದರೆ ಕೆಲವು ದಿನ ತಣ್ಣಗಿರುತ್ತದೆ, ಆಮೇಲೆ ಮತ್ತೆ ಕೆರೆತ.

ಅತ್ತೆಯವರು ಸೀಮೆಎಣ್ಣೆ ಹಚ್ಚು ಎನ್ನುತ್ತಾರೆ. ಪಕ್ಕದ ಮನೆಯವರು ಸೀತಾಫಲದ ಬೀಜ ಎನ್ನುತ್ತಾರೆ. ನಮ್ಮ ಯಜಮಾನರು ಕತ್ತರಿ ಹಿಡಿದು ನಿಂತಿದ್ದಾರೆ, ಮಗಳು ಕತ್ತರಿ ಕಂಡರೆ ಅಟ್ಟ ಹತ್ತುತ್ತಾಳೆ. ಮಗುವಿಗೆ ತೊಂದರೆಯಾಗದ ಹಾಗೆ ನಿಜವಾಗಿ ಕೆಲಸ ಮಾಡುವ ಮನೆಮದ್ದು ಯಾವುದು? ಮಾಡಿ ನೋಡಿದವರು ಮಾತ್ರ ಹೇಳಿ, ದಯವಿಟ್ಟು.

ಕಡೂರಿನ ಬಿಸಿಲು
ಬೇವಿನ ಎಣ್ಣೆ. ಬೇರೆ ಮಾತೇ ಇಲ್ಲ. ಅದಕ್ಕೆ ಅಷ್ಟೇ ಕೊಬ್ಬರಿ ಎಣ್ಣೆ ಬೆರೆಸಿ, ರಾತ್ರಿ ಬುಡಕ್ಕೆ ಹಚ್ಚಿ, ಹಳೆಯ ಬಟ್ಟೆ ಕಟ್ಟಿ ಮಲಗಿಸಿ. ಬೆಳಗ್ಗೆ ಸೀಗೆಪುಡಿ ಹಾಕಿ ತೊಳೆಯಿರಿ. ಆ ವಾಸನೆಗೆ ಹೇನು ಮಾತ್ರವಲ್ಲ, ಮನೆಯವರೂ ಹತ್ತಿರ ಬರುವುದಿಲ್ಲ.

ಮೂಡಿಗೆರೆ ಮಂಜು
ಬೇವಿನ ಮರ ನಿಮ್ಮ ಬಯಲುಸೀಮೆಯಲ್ಲಿ ಬೀದಿಗೊಂದು. ನಮ್ಮ ಮಳೆಗೆ ಬೇವು ನಿಲ್ಲುವುದೇ ಅಪರೂಪ. ನಮ್ಮಲ್ಲಿ ಲಕ್ಕಿ ಸೊಪ್ಪನ್ನು ದಿಂಬಿನ ಕೆಳಗೆ ಇಟ್ಟು ಮಲಗುತ್ತಿದ್ದರು. ಅಜ್ಜಿಯ ಕಾಲದಿಂದಲೂ ಅದೇ.

ಕಡೂರಿನ ಬಿಸಿಲು
ದಿಂಬಿನ ಕೆಳಗೆ ಇಟ್ಟರೆ ಹೇನು ಯಾಕೆ ಸಾಯಬೇಕು? ಅದು ಇರುವುದು ದಿಂಬಿನ ಮೇಲಿರುವ ತಲೆಯಲ್ಲಿ.

ಅರಸೀಕೆರೆ ತೆಂಗು
ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಕರ್ಪೂರದ ಬಿಲ್ಲೆ ಪುಡಿ ಮಾಡಿ ಹಾಕಿ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇದೇ. ಹೇನು ಅಮಲೇರಿದ ಹಾಗೆ ನಿಧಾನವಾಗುತ್ತದೆ, ಆಮೇಲೆ ಸೀರಣಿಗೆಯಲ್ಲಿ ಬಾಚಿದರೆ ಸಲೀಸಾಗಿ ಬರುತ್ತದೆ. ಎಣ್ಣೆ ಮಾತ್ರ ಗಾಣದ್ದೇ ಆಗಿರಬೇಕು.

ಹಳೇಬೀಡು ದಾರಿ
ಅಮ್ಮ, ಪಕ್ಕದ ಮನೆಯವರು ಸರಿಯಾಗಿ ಹೇಳಿದ್ದಾರೆ. ಸೀತಾಫಲದ ಬೀಜ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಹೇನು ಉದುರಿ ಬೀಳುತ್ತದೆ. ನಮ್ಮ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಮದ್ದು ಯಾರೂ ಕಂಡಿಲ್ಲ. ಖರ್ಚಿಲ್ಲ, ರಾಸಾಯನಿಕವಿಲ್ಲ, ಪ್ರಕೃತಿ ಕೊಟ್ಟದ್ದು.

ಬಿಳಿ ಕೋಟು, ಹಾಸನ
ದಯವಿಟ್ಟು ಸೀತಾಫಲದ ಬೀಜ ಮುಟ್ಟಬೇಡಿ. ನಾನು ಕಣ್ಣಿನ ವಿಭಾಗದಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿದವಳು. ಆ ಪುಡಿ ಹೇನನ್ನು ಕೊಲ್ಲುವುದು ನಿಜ. ಆದರೆ ತೊಳೆಯುವಾಗ ಸ್ವಲ್ಪ ಕಣ್ಣಿಗೆ ಇಳಿದರೂ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಸುಟ್ಟ ಹಾಗೆ ಆಗುತ್ತದೆ. ಎಷ್ಟೋ ಸಲ ನೋವು ಕೂಡಲೇ ಕಾಣಿಸುವುದಿಲ್ಲ. ರಾತ್ರಿ ಹೊತ್ತಿಗೆ ಕಣ್ಣು ಕೆಂಪಾಗಿ, ನೀರು ಸುರಿದು, ದೀಪ ನೋಡಲಾಗದೆ ಮಕ್ಕಳು ಚೀರುತ್ತಾ ಬರುತ್ತಾರೆ. ಈಗಾಗಲೇ ಯಾರಿಗಾದರೂ ಬಿದ್ದಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ ಕಣ್ಣು ತೊಳೆದು ನೇರ ಕಣ್ಣಿನ ವೈದ್ಯರ ಬಳಿ ಹೋಗಿ. ಎದೆಹಾಲು, ಜೇನುತುಪ್ಪ ಬಿಡುವುದು ಬೇಡ.

ಹಳೇಬೀಡು ದಾರಿ
ಕಣ್ಣಿಗೆ ಬಟ್ಟೆ ಕಟ್ಟಿ ತೊಳೆದರೆ ಆಯಿತು. ಮೆಣಸಿನಕಾಯಿ ಕಣ್ಣಿಗೆ ಬಿದ್ದರೂ ಉರಿಯುತ್ತದೆ, ಹಾಗೆಂದು ಸಾರಿಗೆ ಹಾಕುವುದನ್ನು ಬಿಟ್ಟಿದ್ದೀರಾ?

ಬಿಳಿ ಕೋಟು, ಹಾಸನ
ಮೆಣಸಿನಕಾಯಿಯಿಂದ ಕಾರ್ನಿಯಾದಲ್ಲಿ ಹುಣ್ಣಾದ ಮಗುವನ್ನು ನಾನು ನೋಡಿಲ್ಲ ಸಾರ್. ಈ ಬೀಜದಿಂದ ಆದವರನ್ನು ನೋಡಿದ್ದೇನೆ.

ಇನ್ನು ಕರ್ಪೂರದ ವಿಷಯ. ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ಫಿಟ್ಸ್ ಬರುತ್ತದೆ. ತಲೆಗೆ ಹಚ್ಚಿದ್ದು ಕೈಗೆ ಬರುತ್ತದೆ, ಕೈ ಬಾಯಿಗೆ ಹೋಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಅದರ ಸಹವಾಸವೇ ಬೇಡ. ನೀಲಗಿರಿ ಎಣ್ಣೆಗೂ ಇದೇ ಮಾತು. ಬೇವಿನ ಎಣ್ಣೆಯನ್ನೂ ಮಕ್ಕಳಿಗೆ ಸಿಗದ ಕಡೆ ಇಡಿ, ಕುಡಿದರೆ ಅದೂ ವಿಷವೇ.

ಅರಸೀಕೆರೆ ತೆಂಗು
ಮೂರು ತಲೆಮಾರಿನಲ್ಲಿ ಯಾರಿಗೂ ಏನೂ ಆಗಿಲ್ಲ.

ಕಾಫಿ ಕಣ
ಆದವರ ಮನೆಯಲ್ಲಿ ನಾಲ್ಕನೇ ತಲೆಮಾರು ಇರುವುದಿಲ್ಲ, ಹೇಳುವವರು ಯಾರು?

ಅರಸೀಕೆರೆ ತೆಂಗು
ಇದು ಸ್ವಲ್ಪ ಅತಿಯಾಯಿತು.

ಸೀರಣಿಗೆ ಸರಸ್ವತಿ, ಚಿಕ್ಕಮಗಳೂರು
ಎಲ್ಲರೂ ಮದ್ದಿನ ಹೆಸರು ಹೇಳುತ್ತಿದ್ದೀರಿ, ಹೇನಿನ ಲೆಕ್ಕ ಯಾರೂ ಹೇಳುತ್ತಿಲ್ಲ. ಸಕಲೇಶಪುರದ ಅಕ್ಕನ ಮನೆಯಲ್ಲಿ ಶಾಂಪೂ ಹಾಕಿದ ಮೇಲೆ ಕೆಲವು ದಿನ ತಣ್ಣಗಿದ್ದು ಮತ್ತೆ ಕೆರೆತ ಬರುವುದು ಯಾಕೆ ಎಂಬುದು ಈ ಲೆಕ್ಕದಲ್ಲಿದೆ.

ದೊಡ್ಡ ಹೇನು ಒಂದು ಎಳ್ಳಿನಷ್ಟು ಇರುತ್ತದೆ. ತಲೆಯ ಮೇಲೆ ಸುಮಾರು ಒಂದು ತಿಂಗಳು ಬದುಕುತ್ತದೆ. ಹೆಣ್ಣು ಹೇನು ದಿನಕ್ಕೆ ಆರರಿಂದ ಎಂಟು ಮೊಟ್ಟೆ ಇಡುತ್ತದೆ, ಅದೂ ಕೂದಲಿನ ಬುಡದಲ್ಲಿ, ನೆತ್ತಿಯ ಬಿಸಿ ತಾಗುವಷ್ಟು ಹತ್ತಿರ. ಅಂಟು ಹಚ್ಚಿ ಕೂರಿಸಿದ ಮೊಟ್ಟೆ ನೀರಿಗೂ ಜಗ್ಗುವುದಿಲ್ಲ, ಶಾಂಪೂವಿಗೂ ಜಗ್ಗುವುದಿಲ್ಲ. ಏಳರಿಂದ ಹತ್ತು ದಿನದಲ್ಲಿ ಒಡೆದು ಮರಿ ಬರುತ್ತದೆ. ಆ ಮರಿ ಬೆಳೆದು ತಾನೇ ಮೊಟ್ಟೆ ಇಡಲು ಇನ್ನೂ ಒಂಬತ್ತು ಹತ್ತು ದಿನ ಬೇಕು. ಇವತ್ತು ನೀವು ಏನೇ ಹಚ್ಚಿ ದೊಡ್ಡ ಹೇನುಗಳನ್ನೆಲ್ಲ ಕೊಂದರೂ ಬುಡದಲ್ಲಿ ಉಳಿದ ಸೀರು ಮುಂದಿನ ವಾರ ಮರಿಯಾಗುತ್ತದೆ. ನೀವು ಮದ್ದನ್ನು ಬೈಯುತ್ತೀರಿ, ಇಲ್ಲವೇ ಪಕ್ಕದ ಬೆಂಚಿನ ಹುಡುಗಿಯನ್ನು ಬೈಯುತ್ತೀರಿ.

ಅದಕ್ಕೇ ನಾನು ಹೇಳುವುದು ಬಾಚುವುದೊಂದೇ. ಕೂದಲು ಒದ್ದೆ ಮಾಡಿ, ಕಂಡೀಶನರ್ ಧಾರಾಳವಾಗಿ ಹಚ್ಚಿ. ಅದಕ್ಕೆ ದುಡ್ಡು ಹಾಕುವುದು ಬೇಡ ಎಂದರೆ ಹಿತ್ತಲಿನ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ಲೋಳೆ ತೆಗೆಯಿರಿ, ಮಲೆನಾಡಿನವರಾದರೆ ಮತ್ತಿಸೊಪ್ಪಿನ ಗೊಂಪು ಮಾಡಿ. ಕೂದಲು ಒದ್ದೆಯಾಗಿ ಜಾರುವಂತಿದ್ದಾಗ ಹೇನು ಓಡಲಾರದು. ಮೊದಲು ದೊಡ್ಡ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ. ಆಮೇಲೆ ಕೂದಲನ್ನು ಪಾಲು ಮಾಡಿಕೊಂಡು ಒಂದೊಂದೇ ಎಳೆ ಹಿಡಿದು ಸೀರಣಿಗೆಯನ್ನು ನೆತ್ತಿಗೆ ತಾಗಿಸಿ ತುದಿಯವರೆಗೆ ಎಳೆಯಿರಿ. ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಕಿವಿಯ ಹಿಂದೆ, ಕತ್ತಿನ ಮೇಲೆ ಎರಡೆರಡು ಸಲ.

ಮೊದಲ ದಿನ, ಐದನೆಯ ದಿನ, ಒಂಬತ್ತನೆಯ ದಿನ, ಹದಿಮೂರನೆಯ ದಿನ ಹೀಗೆ ಮಾಡಿ. ಹದಿನೇಳನೆಯ ದಿನ ಇನ್ನೊಮ್ಮೆ ಪರೀಕ್ಷಿಸಿ. ಒಡೆದು ಬಂದ ಮರಿ ಮೊಟ್ಟೆ ಇಡುವಷ್ಟು ಬೆಳೆಯುವ ಮೊದಲೇ ಬಾಚಣಿಗೆಗೆ ಸಿಗುತ್ತದೆ, ಅಷ್ಟೇ ಗುಟ್ಟು. ನಡುವೆ ದೊಡ್ಡ ಹೇನು ಮತ್ತೆ ಕಂಡರೆ ಹೊಸದಾಗಿ ಅಂಟಿದೆ ಎಂದು ತಿಳಿದು ಮೊದಲಿನಿಂದ ಶುರು ಮಾಡಿ. ಬೇವಿನ ಎಣ್ಣೆಯೋ ತುಳಸಿಯೋ ಬೆಳ್ಳುಳ್ಳಿಯೋ, ಗೆದ್ದ ಮನೆಗಳಲ್ಲೆಲ್ಲ ಜೊತೆಗೆ ಒಬ್ಬರು ಕುಳಿತು ಬಾಚಿದ್ದಾರೆ. ಹೆಸರು ಎಣ್ಣೆಗೆ ಬಂದಿದೆ.

ಮೂಡಿಗೆರೆ ಮಂಜು
ಈ ಸರಸ್ವತಿಯವರು ನಮ್ಮ ಲಕ್ಕಿ ಸೊಪ್ಪನ್ನೂ ಕಿತ್ತುಕೊಂಡರು.

ಬಾಬಾಬುಡನ್ ತಪ್ಪಲು
ಹಿಂದೆ ಜಗಲಿಯ ಮೆಟ್ಟಿಲ ಮೇಲೆ ಅಜ್ಜಿ, ಅವರ ಕೆಳಗೆ ದೊಡ್ಡಮ್ಮ, ಅವರ ಕೆಳಗೆ ಅಕ್ಕ, ಎಲ್ಲರಿಗಿಂತ ಕೆಳಗೆ ನಾನು. ಸಾಲಾಗಿ ಹೇನು ನೋಡುವುದು. ಎರಡು ಹೆಬ್ಬೆರಳ ಉಗುರಿನ ನಡುವೆ ಇಟ್ಟು ಕುಕ್ಕುವಾಗ ಅಜ್ಜಿ ಬಾಯಲ್ಲಿ "ಸ್ಸ್" ಎನ್ನುತ್ತಿದ್ದರು. ಯಾಕೆ ಹಾಗೆ ಎಂದು ಕೇಳಿದರೆ ತಲೆಗೆ ಒಂದು ಮೊಟಕು. ಊರಿನ ಸುದ್ದಿಯೆಲ್ಲ ಆ ಮೆಟ್ಟಿಲ ಮೇಲೆಯೇ ಗೊತ್ತಾಗುತ್ತಿತ್ತು. ಈಗ ಯಾರಿಗೆ ವ್ಯವಧಾನವಿದೆ?

ಕಾಫಿ ಕಣ
ಈಗ ಆ ಸುದ್ದಿ ಮೊಬೈಲಿನಲ್ಲಿ ಬರುತ್ತದೆ. ಹೇನು ಹಾಗೆಯೇ ಉಳಿಯಿತು.

ಆಲೂರು ಅಮ್ಮಣ್ಣಿ
ಸೀಮೆಎಣ್ಣೆ ಬೇಡ ಎನ್ನುವವರು ಕಾರಣ ಹೇಳಿ. ನಮಗೆಲ್ಲ ಚಿಕ್ಕಂದಿನಲ್ಲಿ ಹಚ್ಚಿದ್ದಾರೆ. ನಾವೇನು ಸತ್ತಿದ್ದೇವೆಯೇ?

ಬಿಳಿ ಕೋಟು, ಹಾಸನ
ಅಮ್ಮಣ್ಣಿಯವರೇ, ಸೀಮೆಎಣ್ಣೆ ನೆತ್ತಿಯ ಚರ್ಮವನ್ನು ಸುಡುತ್ತದೆ, ಕೆರೆದು ಗಾಯವಾಗಿದ್ದರೆ ಇನ್ನೂ ಕಷ್ಟ. ಬಾಯಿಗೆ ಹೋಗಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಇವೆಲ್ಲ ಬಿಡಿ, ಮಲೆನಾಡಿನಲ್ಲಿ ಮಳೆಗಾಲದ ಸಂಜೆ ಮಕ್ಕಳು ಎಲ್ಲಿರುತ್ತಾರೆ? ಹಂಡೆಯ ಒಲೆಯ ಮುಂದೆ. ಸೀಮೆಎಣ್ಣೆಯ ತಲೆಯನ್ನು ಬೆಂಕಿಯ ಮುಂದೆ ಕೂರಿಸುತ್ತೀರಾ?

ಆಲೂರು ಅಮ್ಮಣ್ಣಿ
ಒಲೆಯ ಮಾತು ಒಪ್ಪಿದೆ. ಮೊಮ್ಮಗಳು ದಿನವೂ ಅಲ್ಲೇ ಕೂರುತ್ತಾಳೆ.

ಎಸ್ಟೇಟ್ ರೈಟರ್
ಸೀಮೆಎಣ್ಣೆ ಎಷ್ಟೋ ವಾಸಿ ಎನಿಸುವಂಥದ್ದನ್ನು ನಾನು ನೋಡಿದ್ದೇನೆ. ಹಳೆಯ ಕಾಲದಲ್ಲಿ ಕಾಫಿ ಗಿಡ ಕೊರೆಯುವ ಬಿಳಿ ಕಾಂಡಕೊರಕ ಹುಳುವಿಗೆಂದು ತೋಟದ ಗೋದಾಮಿನಲ್ಲಿ ಗಮಾಕ್ಸಿನ್ ಪುಡಿ, ಅಂದರೆ ಬಿ.ಎಚ್.ಸಿ. ಎಂಬ ಕೀಟನಾಶಕ, ಇರುತ್ತಿತ್ತು. ಕೂಲಿಯವರ ಲೈನ್ ಮನೆಗಳಲ್ಲಿ ಅದನ್ನೇ ಹೆಂಗಸರು ಮಕ್ಕಳ ತಲೆಗೆ ಉಜ್ಜುತ್ತಿದ್ದರು. ಬಿ.ಎಚ್.ಸಿ.ಯನ್ನು 1997ರಲ್ಲಿ ದೇಶದಲ್ಲೇ ನಿಷೇಧಿಸಿದರು. ಆಮೇಲೆ ಬಂದ ಕ್ಲೋರ್‌ಪೈರಿಫಾಸ್ ಡಬ್ಬಿಯಿಂದಲೂ ಒಂದು ಮುಚ್ಚಳ ಕೇಳಿಕೊಂಡು ಬರುವವರಿದ್ದರು. "ಹುಳುವಿಗೆ ಹೊಡೆಯುವುದು ತಾನೇ ರೈಟರೇ, ಇದೂ ಹುಳುವೇ" ಎಂದು ವಾದ. ನಾನು ಕೊಟ್ಟಿಲ್ಲ. ಗಿಡಕ್ಕೆ ಹೊಡೆಯುವಾಗಲೇ ಕೈಗವಸು, ಮುಖಕ್ಕೆ ಬಟ್ಟೆ ಬೇಕು, ಅಂಥದ್ದನ್ನು ಮಗುವಿನ ನೆತ್ತಿಗೆ ಹಾಕುವುದೇ? ಜೀವಕ್ಕೇ ಅಪಾಯ. ತೋಟ ಇರುವವರು ಗೋದಾಮಿಗೆ ಬೀಗ ಹಾಕಿ.

ಸಂತೆ ಶನಿವಾರ
ಈ ಹೇನೆಲ್ಲ ಬರುವುದು ಹೊರಗಿನಿಂದ ಬಂದ ಕೂಲಿಯವರ ಮಕ್ಕಳಿಂದ. ಅವರನ್ನು ಶಾಲೆಯಲ್ಲಿ ಬೇರೆ ಕೂರಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಕರಿಹಲಗೆ, ಆಲ್ದೂರು
ನಾನು ಶಿಕ್ಷಕಿ. ಶನಿವಾರದವರೇ, ಈ ಮಾತನ್ನು ಪೋಷಕರ ಸಭೆಯಲ್ಲೂ ಕೇಳಿ ಸಾಕಾಗಿದೆ. ನಮ್ಮ ತರಗತಿಯಲ್ಲಿ ಅತಿ ಹೆಚ್ಚು ಹೇನು ಇದ್ದ ಮಗು ಕಾರಿನಲ್ಲಿ ಬಂದು ಇಳಿಯುತ್ತಿತ್ತು. ಆ ತಾಯಿ ನನ್ನ ಮಾತನ್ನು ನಂಬಲೇ ಇಲ್ಲ, "ನಮ್ಮದು ದಿನವೂ ಶಾಂಪೂ ಹಾಕುವ ಮನೆ" ಎಂದರು. ಹೇನಿಗೆ ಕೊಳಕು ಬೇಕಿಲ್ಲ, ರಕ್ತ ಬೇಕು. ಅದು ಎಲ್ಲರ ತಲೆಯಲ್ಲೂ ಇದೆ.

ಹೇನು ಹಾರುವುದಿಲ್ಲ, ನೆಗೆಯುವುದೂ ಇಲ್ಲ, ತೆವಳುತ್ತದೆ. ತಲೆಗೆ ತಲೆ ತಾಗಿದಾಗ ದಾಟುತ್ತದೆ. ಹುಡುಗಿಯರು ಗುಟ್ಟು ಹೇಳುವಾಗ, ಒಂದೇ ಮೊಬೈಲ್ ನೋಡುವಾಗ, ಹಾಸ್ಟೆಲಿನಲ್ಲಿ ಒಂದೇ ಚಾಪೆಯಲ್ಲಿ ಮಲಗುವಾಗ. ಒಂದು ಮಗುವನ್ನು ಮೂಲೆಗೆ ಕೂರಿಸಿದರೆ ಹೇನು ಹೋಗುವುದಿಲ್ಲ, ಮಗು ಶಾಲೆ ಬಿಡುತ್ತದೆ. ನಮ್ಮಲ್ಲಿ ಹೀಗೆ ಒಬ್ಬಳು ಬಿಟ್ಟಿದ್ದಳು, ಮನೆಗೆ ಹೋಗಿ ಕರೆದುಕೊಂಡು ಬಂದೆವು. ಈಗ ನಾವು ಮಾಡುವುದು ಇಷ್ಟು: ಎಲ್ಲ ಪೋಷಕರಿಗೂ ಒಂದೇ ಶನಿವಾರ, ಭಾನುವಾರ ಮಕ್ಕಳ ತಲೆ ಬಾಚಿ ಎಂದು ಹೇಳುತ್ತೇವೆ, ಯಾರ ಹೆಸರೂ ಎತ್ತುವುದಿಲ್ಲ. ಒಂದು ಮನೆಯಲ್ಲಿ ತೆಗೆದು ಇನ್ನೊಂದು ಮನೆಯಲ್ಲಿ ಬಿಟ್ಟರೆ ಸೋಮವಾರ ಮತ್ತೆ ಅದೇ ಕತೆ.

ಸಂತೆ ಶನಿವಾರ
ನಾನು ಹೇಳಿದ್ದು ಯಾರಿಗೂ ನೋವಾಗಲಿ ಎಂದಲ್ಲ.

ಎಸ್ಟೇಟ್ ರೈಟರ್
ಕಾಫಿ ಕೊಯ್ಲಿಗೆ ಅವರೇ ಬೇಕು, ಬೆಂಚಿನಲ್ಲಿ ಮಾತ್ರ ಬೇಡ.

ಹಾಸನದ ಅಪ್ಪ
ಇಷ್ಟೆಲ್ಲ ಯಾಕೆ? ಕೂದಲು ಕತ್ತರಿಸಿ, ಬೇಸಿಗೆಯೊಳಗೆ ಬೆಳೆಯುತ್ತದೆ. ಅಥವಾ ಧರ್ಮಸ್ಥಳಕ್ಕೆ ಮುಡಿ ಹರಕೆ ಹೊತ್ತುಕೊಳ್ಳಿ, ಪುಣ್ಯವೂ ಬಂತು.

ಬಾಬಾಬುಡನ್ ತಪ್ಪಲು
ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಸಲಹೆ. ಗಂಡಸರು ಹೇನಿನ ವಿಷಯಕ್ಕೆ ಬಂದರೆ ಕತ್ತರಿ ಬಿಟ್ಟು ಬೇರೇನೂ ಗೊತ್ತಿಲ್ಲ.

ಸೀರಣಿಗೆ ಸರಸ್ವತಿ, ಚಿಕ್ಕಮಗಳೂರು
ಭುಜದವರೆಗೆ ಕತ್ತರಿಸಿದರೂ ಪ್ರಯೋಜನವಿಲ್ಲ ಅಪ್ಪನವರೇ. ಹೇನು ಇರುವುದು ಬುಡದಲ್ಲಿ, ನೀವು ಕತ್ತರಿಸುವುದು ತುದಿಯನ್ನು. ಬಾಚುವ ಕೆಲಸ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಬೋಳಿಸಿದರೆ ಹೋಗುತ್ತದೆ, ಒಪ್ಪುತ್ತೇನೆ. ನಾಲ್ಕನೇ ತರಗತಿಯ ಹುಡುಗಿಯನ್ನು ಬೋಳಿಸಿ ಶಾಲೆಗೆ ಕಳುಹಿಸಿ ನೋಡಿ, ಆಮೇಲೆ ಅವಳು ನಿಮ್ಮ ಜೊತೆ ಮಾತಾಡುತ್ತಾಳೋ ಇಲ್ಲವೋ.

ಹಾಸನದ ಅಪ್ಪ
ನನಗೆ ಇಬ್ಬರೂ ಗಂಡು ಮಕ್ಕಳು. ಅದಕ್ಕೇ ಹೊಳೆಯಲಿಲ್ಲ.

ಬೇಲೂರು ಶಿಲೆ
ಜಂತುಹುಳದ ಮಾತ್ರೆ ಕೊಟ್ಟರೆ ಹೇನೂ ಸಾಯುತ್ತದೆಯಂತೆ ಹೌದೇ? ಫೆಬ್ರವರಿ, ಆಗಸ್ಟ್‌ನಲ್ಲಿ ಶಾಲೆಯಲ್ಲಿ ಕೊಡುತ್ತಾರಲ್ಲ, ಅದು.

ಔಷಧಿ ಅಂಗಡಿ, ಚನ್ನರಾಯಪಟ್ಟಣ
ಶಾಲೆಯಲ್ಲಿ ಕೊಡುವುದು ಆಲ್ಬೆಂಡಜೋಲ್, ಅದು ಹೊಟ್ಟೆಯ ಹುಳುವಿಗೆ. ಹೇನಿಗೆ ಮದ್ದಲ್ಲ. ನೀವು ಕೇಳಿರುವುದು ಬಹುಶಃ ಐವರ್ಮೆಕ್ಟಿನ್. ಅದನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ, ಹದಿನೈದು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೂ ಗರ್ಭಿಣಿಯರಿಗೂ ಕೊಡುವುದಿಲ್ಲ.

ಮನೆಮದ್ದಿನ ಚರ್ಚೆಯಲ್ಲಿ ಅಂಗಡಿಯವನು ಬಾಯಿ ಹಾಕಿದ ಎನ್ನಬೇಡಿ. ಶೇಕಡ 1ರ ಪರ್ಮೆಥ್ರಿನ್ ಲೋಷನ್ ಸರಿಯಾಗಿ ಬಳಸಿದರೆ ಮಕ್ಕಳಿಗೆ ಸುರಕ್ಷಿತ. ತೊಳೆದು ಒರೆಸಿದ ಕೂದಲಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಅದಕ್ಕೂ ಮೊದಲು ಕಂಡೀಶನರ್ ಹಾಕಬಾರದು, ಕೂದಲಿಗೆ ಪದರವಾಗಿ ಮದ್ದು ಹಿಡಿಯುವುದಿಲ್ಲ. ಮೊಟ್ಟೆಗಳನ್ನು ಅದು ಕೊಲ್ಲುವುದಿಲ್ಲವಾದ್ದರಿಂದ ಒಂಬತ್ತನೆಯ ದಿನದ ಸುಮಾರಿಗೆ ಇನ್ನೊಮ್ಮೆ ಹಾಕಲೇಬೇಕು. ನೂರಕ್ಕೆ ತೊಂಬತ್ತು ಜನ ಎರಡನೆಯ ಸಲ ಹಾಕದೆ "ನಿಮ್ಮ ಲೋಷನ್ ಡೂಪ್ಲಿಕೇಟ್" ಎಂದು ಜಗಳಕ್ಕೆ ಬರುತ್ತಾರೆ. ಕಜ್ಜಿಗೆ ಕೊಡುವ ಶೇಕಡ 5ರ ಮುಲಾಮು ಮನೆಯಲ್ಲಿ ಉಳಿದಿದೆ ಎಂದು ಅದನ್ನೇ ತಲೆಗೆ ಮೆತ್ತಬೇಡಿ.

ಕಡೂರಿನ ಬಿಸಿಲು
ನೂರಕ್ಕೆ ತೊಂಬತ್ತು ಎಂದು ಎಣಿಸಿದ್ದೀರಾ?

ಔಷಧಿ ಅಂಗಡಿ, ಚನ್ನರಾಯಪಟ್ಟಣ
ಜಗಳವನ್ನು ಎಣಿಸಿಲ್ಲ, ಅನುಭವಿಸಿದ್ದೇನೆ.

ಹೇಮಾವತಿ ದಂಡೆ, ಸಕಲೇಶಪುರ
ಎಲ್ಲರಿಗೂ ಧನ್ಯವಾದ. ಸೀಮೆಎಣ್ಣೆಯ ವಿಷಯವನ್ನು ಅತ್ತೆಗೆ ಓದಿ ಹೇಳಿದೆ, ಒಲೆಯ ಮಾತಿಗೆ ಸುಮ್ಮನಾದರು. ಎರಡು ಸಂದೇಹ. ಕೂದಲಿನ ಕೆಳಗಿನ ಭಾಗದಲ್ಲಿ ಬಿಳಿ ಸೀರು ಸಾಲಾಗಿ ಅಂಟಿದೆ, ಏನು ಮಾಡಿದರೂ ಹೋಗುತ್ತಿಲ್ಲ. ವಿನೆಗರ್ ಹಚ್ಚಿದರೆ ಅಂಟು ಬಿಡುತ್ತದೆಯೇ? ಇನ್ನೊಂದು, ಹಾಸಿಗೆ, ಕಂಬಳಿ ಎಲ್ಲವನ್ನೂ ಒಗೆಯಬೇಕೇ? ಈ ಮಳೆಯಲ್ಲಿ ಕಂಬಳಿ ಒಗೆದರೆ ದೀಪಾವಳಿಗೆ ಒಣಗೀತು.

ಸೀರಣಿಗೆ ಸರಸ್ವತಿ, ಚಿಕ್ಕಮಗಳೂರು
ಕೆಳಗೆ ಇರುವುದು ಖಾಲಿ ಚಿಪ್ಪು ಅಕ್ಕ, ಹೆದರಬೇಡಿ. ಮೊಟ್ಟೆ ಇಡುವುದು ಬುಡದಲ್ಲಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಆ ಲೆಕ್ಕದಲ್ಲಿ ನೆತ್ತಿಯಿಂದ ದೂರ ಹೋದ ಸೀರು ಎಂದೋ ಒಡೆದು ಮುಗಿದಿದೆ. ಜೀವ ಇರುವ ಸೀರು ಕಂದು ಬಣ್ಣಕ್ಕಿದ್ದು ಬುಡಕ್ಕೇ ಅಂಟಿಕೊಂಡಿರುತ್ತದೆ. ಅದನ್ನು ನೋಡಿ. ಹೊಟ್ಟು ಎಂದು ಸಂದೇಹ ಬಂದರೆ ಊದಿ ನೋಡಿ, ಹೊಟ್ಟು ಹಾರುತ್ತದೆ, ಸೀರು ಹಾರುವುದಿಲ್ಲ.

ವಿನೆಗರ್‌ಗೆ ಆ ಅಂಟು ಕರಗುವುದಿಲ್ಲ. ಕೆರೆದ ಗಾಯಕ್ಕೆ ತಾಗಿ ಉರಿಯುತ್ತದೆ ಅಷ್ಟೇ. ನಿಂಬೆಹಣ್ಣಿಗೂ ಇದೇ ಉತ್ತರ. ಉಗುರಿನಲ್ಲಿ ಹಿಡಿದು ಎಳೆಯುವುದೇ ಮದ್ದು.

ಕರಿಹಲಗೆ, ಆಲ್ದೂರು
ಕಂಬಳಿ ಒಗೆಯಬೇಡಿ, ಪುಣ್ಯ ಕಟ್ಟಿಕೊಳ್ಳಿ. ತಲೆ ಬಿಟ್ಟ ಹೇನು ರಕ್ತ ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತದೆ. ದಿಂಬಿನ ಚೀಲ, ಟವೆಲ್, ಟೋಪಿ, ರಿಬ್ಬನ್ ಮಾತ್ರ ಕುದಿ ಬಂದ ನೀರಿನಲ್ಲಿ ಅದ್ದಿ ತೆಗೆಯಿರಿ. ಕಂಬಳಿಯನ್ನು ಮೂರು ದಿನ ಮಡಿಸಿ ಎತ್ತಿಟ್ಟರೆ ಸಾಕು. ಬಾಚಣಿಗೆಯನ್ನು ಮಾತ್ರ ಪ್ರತಿ ಸಲ ಬಿಸಿ ನೀರಿಗೆ ಹಾಕಿ. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಿ, ಅತ್ತೆಯವರದನ್ನೂ ಸೇರಿಸಿ.

ಆಲೂರು ಅಮ್ಮಣ್ಣಿ
ಅತ್ತೆಯ ತಲೆ ನೋಡುತ್ತೇನೆ ಎಂದು ಹೇಳುವ ಧೈರ್ಯ ಸೊಸೆಗೆ ಬೇಕಲ್ಲ.

ಮೂಡಿಗೆರೆ ಮಂಜು
ಮೊಬೈಲಿನಲ್ಲಿ ದಿನವೂ ಬರುವ ಗಿಡಮೂಲಿಕೆಯ ಕೂದಲೆಣ್ಣೆ ಹೇನಿಗೆ ಆಗುತ್ತದೆಯೇ? ಬಾಟಲಿಗೆ ಭಾರೀ ದುಡ್ಡು ಹೇಳುತ್ತಾರೆ.

ಕಾಫಿ ಕಣ
ಅದು ಕೂದಲು ಬೆಳೆಯುವುದಕ್ಕಂತೆ. ಹೇನಿಗೆ ವಾಸಸ್ಥಳ ವಿಸ್ತರಣೆ.

ಬಾಬಾಬುಡನ್ ತಪ್ಪಲು
ವಿಷಯ ಬಿಟ್ಟು ಒಂದು ಮಾತು. ಮತ್ತಿಸೊಪ್ಪಿನ ಗೊಂಪು ಎಂದಿರಲ್ಲ, ಈಗ ಆ ಗಿಡ ಗುರುತಿಸುವವರೇ ಇಲ್ಲ. ನಮ್ಮ ತೋಟದಲ್ಲಿ ಆಳುಗಳು ಕಳೆ ಎಂದು ಸವರಿ ಹಾಕಿದರು. ಅಂಟುವಾಳದ ಕಾಯಿಯನ್ನೂ ಅಂಗಡಿಯಲ್ಲಿ ತೂಕಕ್ಕೆ ಕೊಳ್ಳಬೇಕಾಗಿದೆ. ಸೀಗೆಪುಡಿಯೆಂದು ಮಾರುವುದರಲ್ಲಿ ಏನೇನು ಸೇರಿಸುತ್ತಾರೋ ದೇವರಿಗೇ ಗೊತ್ತು, ಮೊದಲಿನ ನೊರೆಯೂ ಇಲ್ಲ, ಘಾಟೂ ಇಲ್ಲ.

ಅರಸೀಕೆರೆ ತೆಂಗು
ಸೀಗೆಯ ಘಾಟು ಕಣ್ಣಿಗೆ ಹೋದರೆ ಆ ಶುಶ್ರೂಷಕಿಯವರು ಅದನ್ನೂ ನಿಷೇಧಿಸಿಯಾರು, ಮೆಲ್ಲಗೆ ಮಾತಾಡಿ.

ಬಿಳಿ ಕೋಟು, ಹಾಸನ
ಸೀಗೆ, ಅಂಟುವಾಳ ಕಣ್ಣು ಉರಿಸುತ್ತವೆ, ನೀರು ಹಾಕಿದರೆ ಸರಿಹೋಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ನಿಮ್ಮ ಕೊಬ್ಬರಿ ಎಣ್ಣೆಗೂ ತಕರಾರಿಲ್ಲ, ಕರ್ಪೂರ ತೆಗೆದು ಹಚ್ಚಿ. ಎಣ್ಣೆಗೇ ಹೇನು ಉಸಿರುಕಟ್ಟಿ ಸಾಯುತ್ತದೆ ಎಂದು ಮಾತ್ರ ನಂಬಬೇಡಿ, ಅದು ಉಸಿರಾಡುವ ರಂಧ್ರ ಮುಚ್ಚಿಕೊಂಡು ಗಂಟೆಗಟ್ಟಲೆ ತಡೆದುಕೊಳ್ಳುತ್ತದೆ. ಬಾಚುವುದಕ್ಕೆ ಜಾರಲಿ ಎಂದು ಹಚ್ಚಿ.

ಅರಸೀಕೆರೆ ತೆಂಗು
ಗಾಣದ ಎಣ್ಣೆಯಾದರೆ ಮಾತ್ರ.

ಬೇಲೂರು ಶಿಲೆ
ಸೀರಣಿಗೆ ಪ್ಲಾಸ್ಟಿಕ್ಕಿನದು ಆಗುತ್ತದೆಯೇ? ಹಿಂದೆ ಜಾತ್ರೆಯಲ್ಲಿ ಮರದ್ದು, ಎರಡೂ ಕಡೆ ಹಲ್ಲಿನದು ಸಿಗುತ್ತಿತ್ತು.

ಸೀರಣಿಗೆ ಸರಸ್ವತಿ, ಚಿಕ್ಕಮಗಳೂರು
ಪ್ಲಾಸ್ಟಿಕ್ಕಿನ ಹಲ್ಲು ಬಾಗುತ್ತದೆ, ಸಣ್ಣ ಮರಿ ನುಸುಳಿ ಉಳಿಯುತ್ತದೆ. ಉದ್ದ ಹಲ್ಲಿನ ಸ್ಟೀಲಿನದು ಔಷಧಿ ಅಂಗಡಿಯಲ್ಲೇ ಕೇಳಿ. ಮರದ್ದು ಸಿಕ್ಕರೆ ಕೊಳ್ಳಿ, ಆದರೆ ಹಲ್ಲು ಒತ್ತಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ಕೊಪ್ಪ ಕೆಳಗಿನಪೇಟೆ
ತಡವಾಗಿ ಬಂದೆ, ಕ್ಷಮಿಸಿ. ನನಗೆ ಆರನೇ ತಿಂಗಳು. ಅಕ್ಕನ ಮಕ್ಕಳು ರಜೆಗೆ ಬಂದು ಹೋದ ಮೇಲೆ ನನಗೂ ಹೇನಾಗಿದೆ. ಹೊಟ್ಟೆಯಲ್ಲಿರುವ ಮಗುವಿಗೆ ಏನಾದರೂ ಆಗುತ್ತದೆಯೇ? ಯಾವುದನ್ನು ಹಚ್ಚಲಿ?

ಬಿಳಿ ಕೋಟು, ಹಾಸನ
ತಲೆಯ ಹೇನಿನಿಂದ ಮಗುವಿಗೆ ಏನೂ ಆಗುವುದಿಲ್ಲಮ್ಮ. ಅದು ರೋಗ ಹರಡುವ ಹುಳುವಲ್ಲ, ಕೆರೆದು ಗಾಯ ಮಾಡಿಕೊಂಡರೆ ಮಾತ್ರ ಕೀವಾಗಬಹುದು. ಕರ್ಪೂರ ಬೇಡ, ಮಾತ್ರೆ ಬೇಡ. ಕಂಡೀಶನರ್ ಹಚ್ಚಿ ಯಾರ ಕೈಯಲ್ಲಾದರೂ ಬಾಚಿಸಿಕೊಳ್ಳಿ. ಲೋಷನ್ ಬೇಕೆನಿಸಿದರೆ ತಾಯಿ ಕಾರ್ಡಿನ ತಪಾಸಣೆಗೆ ಹೋದಾಗ ವೈದ್ಯರನ್ನು ಕೇಳಿ ಹಚ್ಚಿ.

ಕೊಪ್ಪ ಕೆಳಗಿನಪೇಟೆ
ಬಾಚುವುದಕ್ಕೆ ನಮ್ಮ ಯಜಮಾನರೇ ಗತಿ. ಒಂಬತ್ತನೆಯ ದಿನ, ಹದಿಮೂರನೆಯ ದಿನ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿದ್ದೇನೆ.

ಹಾಸನದ ಅಪ್ಪ
ಅವರಿಗೆ ಕತ್ತರಿ ಕೊಡಬೇಡಿ.